ಭಾನುವಾರದ ಕಚ್ಚಾ ಹೊಲಿಗೆ

ನಮ್ಮೂರಿನಲ್ಲಿ ಭಾನುವಾರ ಸಂಬಳಕ್ಕೆ ಮಾಡಿದ ಕೆಲಸ ಸೋಮವಾರ ಹಾಲಿನವನು ಬಾಗಿಲು ಬಡಿಯುವ ಹೊತ್ತಿಗೆ ತಾನಾಗಿಯೇ ಬಿಚ್ಚಿಕೊಳ್ಳುತ್ತದೆ. ಯಾಕೆ ಅಂತ ಕೇಳಬೇಡಿ. ನಿಮ್ಮೂರಿನಲ್ಲಿ ಮಳೆ ಮೇಲಿನಿಂದ ಕೆಳಕ್ಕೇ ಯಾಕೆ ಬೀಳುತ್ತದೆ ಅಂತ ನಾನು ಕೇಳಿದೆನೇ? ಭಾನುವಾರ ಕ್ಷೌರ ಮಾಡಿಸಿಕೊಂಡರೆ ಸೋಮವಾರ ಏಳುವಾಗ ಕೂದಲು ಮತ್ತೆ ಕಿವಿ ಮುಚ್ಚಿರುತ್ತದೆ. ಭಾನುವಾರ ಪೊಲೀಸರು ಹಿಡಿದ ಕಳ್ಳ ಸೋಮವಾರ ತನ್ನ ಮನೆಯ ಚಾಪೆಯ ಮೇಲೆ ಆಕಳಿಸುತ್ತಾ ಏಳುತ್ತಾನೆ. ಹೋಟೆಲಿನಲ್ಲಿ ತಿಂದ ಮಸಾಲೆ ದೋಸೆಯ ಗತಿಯನ್ನು ಬಿಡಿಸಿ ಹೇಳುವುದು ಬೇಡ. ಬೆಳಗ್ಗೆ ಹೊಟ್ಟೆ ತಾಳ ಹಾಕುತ್ತಿರುತ್ತದೆ, ಕೊಟ್ಟ ದುಡ್ಡು ಮಾತ್ರ ಜೇಬಿಗೆ ವಾಪಸು ಬಂದಿರುವುದಿಲ್ಲ.

ಆದರೆ ಪ್ರೀತಿಗೆ ಮಾಡಿದ್ದು ಉಳಿಯುತ್ತದೆ. ಉಳಿಯುವುದೇನು ಬಂತು, ಕಚ್ಚಿಕೊಂಡು ಕೂರುತ್ತದೆ! ಭಾನುವಾರ ಅಜ್ಜಿ ಹೊಲಿದ ಕುಲಾವಿ ಮೊಮ್ಮಗನಿಗೆ ಮೊಮ್ಮಕ್ಕಳಾದರೂ ಹರಿಯುವುದಿಲ್ಲ. ತಾಯಿ ಮಗುವಿನ ಸೊಂಟಕ್ಕೆ ಕಟ್ಟಿದ ಉಡಿದಾರದ ಗಂಟನ್ನು ಯಾವ ಪೈಲ್ವಾನನೂ ಬಿಚ್ಚಲಾರ, ಯಾರಿಗಾಗಿ ಕಟ್ಟಿದ್ದೋ ಆ ಮಗುವೇ ಕೈ ಹಾಕಿದರೆ ಮಾತ್ರ ಸಡಿಲವಾಗುತ್ತದೆ. ಹೀಗಾಗಿ ನಮ್ಮೂರಿನ ಜನ ಭಾನುವಾರ ಏನು ಮಾಡಬೇಕಾದರೂ ಹತ್ತು ಸಲ ಯೋಚನೆ ಮಾಡುತ್ತಾರೆ. ಒಂದು ಮನೆಯಲ್ಲಿ ಹೊಸ ಸೊಸೆ ಭಾನುವಾರ ಲಟ್ಟಿಸಿದ ಚಪಾತಿ ನಾಲ್ಕು ಮಿಕ್ಕಿದ್ದವು, ಸೋಮವಾರ ಬೆಳಗ್ಗೆ ನೋಡಿದರೆ ಡಬ್ಬಿಯಲ್ಲಿ ಬರೀ ಹಿಟ್ಟು. ಅತ್ತೆ ಡಬ್ಬಿ ಹಿಡಿದುಕೊಂಡು ಬೀದಿಗೇ ಬಂದಳು. "ನೋಡ್ರಮ್ಮ, ನಮ್ಮನೇಲಿರೋದು ಸೊಸೆ ಅಲ್ಲ, ಕೂಲಿಯವಳು!" ಸೊಸೆ ಒಳಗಿನಿಂದಲೇ, "ಮುಂದಿನ ಭಾನುವಾರ ನೀವೇ ಲಟ್ಟಿಸಿ ಅತ್ತೆ, ನೋಡೇಬಿಡೋಣ" ಅಂದಳು. ಅತ್ತೆ ಲಟ್ಟಿಸಲಿಲ್ಲ. ಅಲ್ಲಿಂದೀಚೆಗೆ ಭಾನುವಾರದ ಅಡುಗೆಯನ್ನು ಮಿಗಿಸುವ ಪದ್ಧತಿಯೇ ನಮ್ಮೂರಿನಲ್ಲಿ ನಿಂತುಹೋಯಿತು.

ಚರ್ಚಿನ ಪಾದ್ರಿಗಳು ಕೂಡ ಆರು ದಿನಕ್ಕೆ ಮಾತ್ರ ಸಂಬಳ ಇಸಿದುಕೊಳ್ಳುತ್ತಾರೆ, ಭಾನುವಾರದ ಪ್ರಸಂಗ ಪುಕ್ಕಟೆ. ಇಲ್ಲದಿದ್ದರೆ ಕೇಳಿದ್ದೆಲ್ಲ ಸೋಮವಾರಕ್ಕೆ ಮರೆತುಹೋಗುತ್ತದೆ. ಪುಕ್ಕಟೆ ಹೇಳಿದ್ದೂ ಮರೆತುಹೋಗುತ್ತದೆ ಅನ್ನುವವರಿದ್ದಾರೆ, ಅದು ಬೇರೆ ವಿಷಯ. ಇನ್ನು ಪುರಸಭೆ, ಭಾನುವಾರ ಯಾವ ಮಾಲೀಕನೂ ಯಾರನ್ನೂ ಕೆಲಸಕ್ಕೆ ಕರೆಯಕೂಡದು ಅಂತ ಎಂದೋ ಕಾನೂನು ಮಾಡಿಟ್ಟಿತ್ತು. ದುಡಿಯುವವರ ಮೇಲೆ ಕನಿಕರ ಉಕ್ಕಿ ಮಾಡಿದ್ದು ಅಂದುಕೊಳ್ಳಬೇಡಿ. ಬಿಚ್ಚಿಹೋಗುವ ಕೆಲಸಕ್ಕೆ ಕೂಲಿ ಕೊಡುವ ದಡ್ಡ ಯಾರೂ ಇರಲಿಲ್ಲ, ಹಾಗಾಗಿ ಕಾನೂನಿಗೆ ಎಲ್ಲರೂ ಖುಷಿಯಾಗಿ ಕೈಯೆತ್ತಿದರು.

ನಾನು ಪಾಂಡೋಜಿರಾಯರ ಟೈಲರ್ ಅಂಗಡಿಯಲ್ಲಿ ಕಟಿಂಗ್ ಮಾಸ್ಟರ್. ಎಲ್ಲರೂ ಮಾಸ್ಟ್ರೇ ಮಾಸ್ಟ್ರೇ ಅಂತ ಕರೆದೂ ಕರೆದೂ ನನ್ನ ಹೆಸರು ನನಗೇ ಮರೆತಂತಾಗಿದೆ. ನನಗೆ ದೇವರ ಗೊಡವೆ ಇಲ್ಲ, ಹೆಂಡತಿ ಮಕ್ಕಳ ಗೊಡವೆಯೂ ಇಲ್ಲ. ಭಾನುವಾರ ಮಧ್ಯಾಹ್ನ ಉಂಡು, ಎಲೆಯಡಿಕೆ ಹಾಕಿಕೊಂಡು, ಗೋಡೆ ಕಡೆ ತಿರುಗಿ ಮಲಗುವುದಿದೆಯಲ್ಲ, ಅದೇ ನನ್ನ ಪೂಜೆ, ಅದೇ ಮೋಕ್ಷ. ಪ್ರೀತಿ ಗೀತಿ ಅಂದರೆ ನನಗೆ ಮೈ ಉರಿಯುತ್ತದೆ. ಮಾಡಿದ ಕೆಲಸಕ್ಕೆ ಸಂಬಳ, ಸಂಬಳಕ್ಕೆ ತಕ್ಕ ಕೆಲಸ, ಮುಗಿಯಿತು. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಆಮೇಲೆ ಜನ ಏನೇನೋ ಹೇಳುತ್ತಾರೆ.

ಅಂಗಡಿಯಲ್ಲಿ ನನಗಿಂತಲೂ ಹಳಬರು ಎಸ್ತೇರಮ್ಮ. ಕೋಟು ಅವರ ಕೈಯಲ್ಲೇ ಆಗಬೇಕು. ಭಾನುವಾರ ಚರ್ಚಿನಲ್ಲಿ ಹಾಡು ಎತ್ತಿಕೊಡುವವರೂ ಅವರೇ. ಉಳಿದ ಆರು ದಿನ ಮಿಷನ್ನು ತುಳಿಯುತ್ತಾ ಆ ಹಾಡುಗಳನ್ನೇ ಗುನುಗುತ್ತಿರುತ್ತಾರೆ. "ಎಸ್ತೇರಮ್ಮ, ನಿಮ್ಮ ಹಾಡಿಗೆ ನನ್ನ ಕತ್ತರಿ ಡೊಂಕಾಗ್ತಿದೆ" ಅಂತ ನಾನು ಗೊಣಗುವುದೂ, "ಕತ್ತರಿ ಮೊದಲೇ ಡೊಂಕು, ಪಾಪ ಹಾಡನ್ನ ಯಾಕೆ ಅಂತೀರಿ" ಅಂತ ಅವರು ತಿರುಗಿಸಿ ಕೊಡುವುದೂ ದಿನಾ ಇದ್ದದ್ದೇ. ಕಾಫಿ ತರಿಸಿದಾಗ, ಮಾಸ್ಟ್ರಿಗೆ ಸಕ್ಕರೆ ಜಾಸ್ತಿ ಇರಲಿ ಅಂತ ಹೇಳಿ ಕಳಿಸುವುದೂ ಅವರೇ. ನಾನೇನೂ ಕೇಳಿಕೊಂಡಿರಲಿಲ್ಲ.

ಇಂಥ ಅಂಗಡಿಗೆ ಒಂದು ದಿನ ನಿಂಗಾಜಮ್ಮ ಅನ್ನುವವಳು ಕೆಲಸ ಕೇಳಿಕೊಂಡು ಬಂದಳು. ಗಂಡ ತೀರಿಕೊಂಡಿದ್ದ, ಎರಡು ಹೆಣ್ಣುಮಕ್ಕಳು. ರಾಯರು ಅವಳ ಕೈಗೆ ಒಂದು ಅಂಗಿ ಕೊಟ್ಟು ಹೊಲಿಸಿ ನೋಡಿದರು, ಪರವಾಗಿಲ್ಲ ಅಂದರು. ಅವಳು ಸೆರಗು ಸರಿ ಮಾಡಿಕೊಂಡು, "ಸಾಮಿ, ಒಂದು ಮಾತು. ಸೋಮವಾರ ನಮ್ಮ ವಾರ" ಅಂದಳು. ರಾಯರು ಕನ್ನಡಕದ ಮೇಲಿನಿಂದ ನೋಡಿದರು. "ಸೋಮವಾರ ವಾರವೇ ಕಣಮ್ಮ, ತಿಂಗಳಲ್ಲ. ನಮಗೂ ಗೊತ್ತು." "ಅದಲ್ಲ ಸಾಮಿ. ಸೋಮವಾರ ನಾವು ವಾರ ಮಾಡ್ತೀವಿ. ಒಪ್ಪತ್ತು. ಆವತ್ತು ನಮ್ಮಲ್ಲಿ ಏನನ್ನೂ ಹೂಡಲ್ಲ." "ಹೂಡೋಕೆ ಇಲ್ಲಿ ಎತ್ತೆಲ್ಲಿದೆ?" ನಿಂಗಾಜಮ್ಮ ಹೊಲಿಗೆ ಮಿಷನ್ನಿನ ಕಡೆ ಕೈ ತೋರಿಸಿದಳು. "ಅದೇ. ನಮ್ಮಪ್ಪನ್ನ ಎತ್ತು ಸಾಕ್ತು, ನನ್ನನ್ನ ಇದು ಸಾಕ್ತಿದೆ. ಅದಕ್ಕೂ ಒಂದು ದಿನ ಬೇಡ್ವಾ?"

ರಾಯರು ಕೆಟ್ಟವರಲ್ಲ, ಲೆಕ್ಕದವರು. "ಭಾನುವಾರ ಕಾನೂನಿನ ರಜಾ, ಸೋಮವಾರ ನಿನ್ನ ದೇವರ ರಜಾ. ನಾಳೆ ಇನ್ನೊಬ್ಬ ಮಂಗಳವಾರ ಮಾರಮ್ಮನದು ಅಂತಾನೆ. ನಾನೇನು ಅಂಗಡಿ ಇಟ್ಟಿದ್ದೀನೋ ಛತ್ರ ಇಟ್ಟಿದ್ದೀನೋ?" ನಿಂಗಾಜಮ್ಮ, "ಸೋಮವಾರದ ಬದಲು ಭಾನುವಾರ ಬರ್ತೀನಿ ಸಾಮಿ" ಅಂದಳು. ನಾವೆಲ್ಲ ನಕ್ಕುಬಿಟ್ಟೆವು. ಭಾನುವಾರ ಬಂದು ಏನು ಮಾಡುತ್ತಾಳೆ, ಗಾಳಿ ಹೊಲಿಯುತ್ತಾಳೆಯೇ? ಅವಳು ನಗಲಿಲ್ಲ. ಇದೇ ಸೋಮವಾರದ ಮಾತಿಗೆ ಮೂರು ಅಂಗಡಿಯವರು ಆಗಲೇ ಬಾಗಿಲು ತೋರಿಸಿದ್ದರು ಅಂತ ಆಮೇಲೆ ಗೊತ್ತಾಯಿತು. ಆಗ ಎಸ್ತೇರಮ್ಮ ಮಿಷನ್ನು ನಿಲ್ಲಿಸಿ, "ರಾಯರೇ, ಒಂದು ತಿಂಗಳು ನೋಡಿ. ಸೋಮವಾರ ಇವಳ ಪಾಲಿಂದು ನಾನು ಹೊಲಿದು ಕೊಡ್ತೀನಿ" ಅಂದರು. ರಾಯರು ಗೊಣಗುತ್ತಾ ಒಪ್ಪಿಕೊಂಡರು.

ನಿಂಗಾಜಮ್ಮ ಹಟದವಳು. ಯಾರೂ ಕರೆಯದಿದ್ದರೂ ಆ ಭಾನುವಾರ ಬಂದು ಅಂಗಡಿ ಜಗಲಿಯ ಮೇಲೆ ಕೂತಿದ್ದಳು. ನಾನು ಮರೆತುಹೋಗಿದ್ದ ಎಲೆಯಡಿಕೆ ಚೀಲ ತಗೊಳ್ಳೋಣ ಅಂತ ಹೋಗಿ ಬೀಗ ತೆಗೆದೆ. ಅದೇ ಹೊತ್ತಿಗೆ ಒಬ್ಬ ಲಾರಿ ಡ್ರೈವರ್, ಮದುವೆ ಗಂಡು, ಕೋಟಿನ ಟ್ರಯಲ್‌ಗೆ ಅಂತ ಬಂದ. ಇವತ್ತು ಬಿಟ್ಟರೆ ಅವನಿಗೆ ರಜವೇ ಇಲ್ಲವಂತೆ. ಟ್ರಯಲ್ ಅಂದರೆ, ಕತ್ತರಿಸಿದ ಬಟ್ಟೆಯನ್ನು ದಪ್ಪ ಬಿಳಿ ದಾರದಲ್ಲಿ ಉದ್ದುದ್ದ ಕಚ್ಚಾ ಹೊಲಿಗೆ ಹಾಕಿ, ಮೈಮೇಲೆ ತೊಡಿಸಿ, ಎಲ್ಲಿ ಬಿಗಿ ಎಲ್ಲಿ ಸಡಿಲ ನೋಡುವುದು. ನನಗೆ ನಿದ್ದೆಯ ಹೊತ್ತು ಮೀರುತ್ತಿತ್ತು. ಯಾವ ವಾರ, ಯಾವ ಕಾನೂನು ಎಲ್ಲ ಮರೆತು, "ಏಯ್ ನಿಂಗಾಜಿ, ಆ ಕೋಟಿಗೆ ಬೇಗ ನಾಲ್ಕು ಕಚ್ಚಾ ಹಾಕಮ್ಮ, ಈತ ಹೋಗಲಿ" ಅಂದೆ. ಅವಳು ಹಾಕಿದಳು, ಅವನು ತೊಟ್ಟು ನೋಡಿ ಹೋದ, ನಾನು ಮನೆಗೆ ಹೋಗಿ ಬಿದ್ದುಕೊಂಡೆ.

ಸೋಮವಾರ ಬಂದು ನೋಡುತ್ತೇನೆ, ಕಚ್ಚಾ ಹೊಲಿಗೆ ಒಂದೂ ಇಲ್ಲ! ಕೋಟಿನ ತುಂಡುಗಳು ಮಡಿಸಿಟ್ಟ ಹಾಗೆ ಬಿದ್ದಿವೆ, ದಾರ ತಾನಾಗಿ ಉಂಡೆಗೆ ಸುತ್ತಿಕೊಂಡು ಕೂತಿದೆ. ನಿಮಗೆ ಗೊತ್ತಿರಲಿಕ್ಕಿಲ್ಲ, ಈ ಕಚ್ಚಾ ದಾರ ಕೀಳುವುದಿದೆಯಲ್ಲ, ಅದು ನಮ್ಮ ಕಸುಬಿನ ಶನಿ. ಎಷ್ಟು ಹುಷಾರಾಗಿ ಕಿತ್ತರೂ ಬಟ್ಟೆಗೆ ಎಲ್ಲೋ ಒಂದು ಕಡೆ ಪೆಟ್ಟು ಬೀಳುತ್ತದೆ. ಅದು ತಂತಾನೇ ಉದುರಿದೆ ಅಂದರೆ! ಇನ್ನು ಬಿಗಿ ಸಡಿಲದ ವಿಷಯ, ಸಂಬಳಕ್ಕೆ ನೋಡಿದ್ದರಿಂದ ನನಗೇನೋ ಒಂದೂ ನೆನಪಿರಲಿಲ್ಲ, ಆದರೆ ಕೇಳಿಕಳಿಸಿದರೆ ಡ್ರೈವರಿಗೆ ಕಂಕುಳು ಬಿಗಿಯಾದದ್ದು ಚೆನ್ನಾಗಿ ನೆನಪಿತ್ತು. ಅವನಿಗೇನು ನಾವು ಸಂಬಳ ಕೊಡುತ್ತೇವೆಯೇ? ರಾಯರು ಆ ಕೋಟಿನ ತುಂಡುಗಳನ್ನು ತಿರುಗಿಸಿ ಮುರುಗಿಸಿ ನೋಡಿ, "ನಿಂಗಾಜಮ್ಮನ ಸೋಮವಾರ ಪಾಸು" ಅಂದರು. ಎಸ್ತೇರಮ್ಮ ಆವತ್ತು ಎರಡು ಹಾಡು ಜಾಸ್ತಿ ಹಾಡಿದರು.

ಒಳ್ಳೆ ಸುದ್ದಿ ನಮ್ಮೂರಿನಲ್ಲಿ ಅಂಗಡಿಯೊಳಗೆ ನಿಲ್ಲುವುದಿಲ್ಲ. ಶಾಮಿಯಾನದವನು ಭಾನುವಾರವೇ ಚಪ್ಪರ ಕಟ್ಟಿಸತೊಡಗಿದ, ಸೋಮವಾರ ಕಂಬಗಳು ತಾವಾಗಿ ಗಾಡಿ ಹತ್ತಿರುತ್ತಿದ್ದವು. ನಾಟಕದವರು ಭಾನುವಾರವೇ ಬಣ್ಣ ಹಚ್ಚಿಸಿಕೊಂಡು, ಮುಖ ತೊಳೆಯದೆ ಮಲಗಿ, ಬೆಳಗ್ಗೆ ಸ್ವಂತ ಮುಖದಲ್ಲಿ ಎದ್ದರು. ಬಿಚ್ಚುವ ಕೆಲಸ ಯಾವುದಿದ್ದರೂ ಭಾನುವಾರಕ್ಕೆ ತಳ್ಳು ಅನ್ನುವುದು ಊರಿನ ಮಾತಾಯಿತು. ಲಾಭ ಕಂಡ ಮೇಲೆ ಪುರಸಭೆಗೆ ತಡೆಯುತ್ತದೆಯೇ? ಬಿಚ್ಚಬೇಕಾದ ಕೆಲಸಕ್ಕೆ ಮಾಲೀಕರು ಯಾರನ್ನು ಬೇಕಾದರೂ ಭಾನುವಾರ ಕರೆಯಬಹುದು ಅಂತ ಕಾನೂನು ತಿದ್ದಿ, ಬೀದಿ ಬೀದಿಯಲ್ಲಿ ಡಂಗುರ ಹೊಡೆಸಿತು. ನನ್ನ ನಿದ್ದೆಗೇ ಬಂತಲ್ಲಪ್ಪ ಅಂದುಕೊಂಡೆ.

ನನ್ನ ನಿದ್ದೆಗಿಂತ ದೊಡ್ಡದಕ್ಕೆ ಬಂದಿತ್ತು. ಜವಳಿ ಸಾಹುಕಾರರ ಮನೆಯಲ್ಲಿ ಮದುವೆ, ಗಂಡಿನಿಂದ ಹಿಡಿದು ಚಿಕ್ಕಪ್ಪ ದೊಡ್ಡಪ್ಪಂದಿರ ತನಕ ಎಲ್ಲರಿಗೂ ಕೋಟು. ಬುಧವಾರ ಮುಹೂರ್ತ, ಭಾನುವಾರ ಎಲ್ಲರ ಟ್ರಯಲ್. ಶನಿವಾರ ಸಂಜೆ ರಾಯರು, "ನಾಳೆ ಎಲ್ಲರೂ ಬರಬೇಕು. ಅರ್ಧ ಕೋಟು ನಿಂಗಾಜಮ್ಮಂದು, ಅರ್ಧ ಎಸ್ತೇರಮ್ಮಂದು" ಅಂದರು. ಎಸ್ತೇರಮ್ಮ ಹಾಡು ನಿಲ್ಲಿಸಿದರು. "ನಾಳೆ ನಾನು ಬರೋಳಲ್ಲ ರಾಯರೇ. ನಾಳೆ ಚರ್ಚು."

"ಒಂದು ದಿನ ತಪ್ಪಿದರೆ ಏನಾಗುತ್ತೆ?" "ಒಂದು ದಿನ ಅಲ್ಲ, ಇನ್ನು ಮೇಲೆ ಎಲ್ಲ ಭಾನುವಾರವೂ ಕರೀತೀರಿ." "ನಿಂಗಾಜಮ್ಮ ಬರ್ತಾಳೆ." "ಅದು ಅವಳ ವಾರ ಅಲ್ಲ, ಬರ್ತಾಳೆ. ಇದು ನನ್ನ ವಾರ." ರಾಯರಿಗೆ ರೇಗಿತು. "ಬುಧವಾರ ರಜಾ ತಗೊಳ್ಳಿ, ಬೇಡ ಅಂದೋರು ಯಾರು? ನಿಮ್ಮ ದೇವರು ಬುಧವಾರ ಮನೇಲಿರಲ್ವಾ?" "ಇರ್ತಾನೆ. ಜೊತೇಲಿ ಹಾಡೋರು ಇರಲ್ಲ." ಎಸ್ತೇರಮ್ಮನ ದನಿ ಏರಲಿಲ್ಲ, ಅದೇ ರಾಯರನ್ನು ಇನ್ನಷ್ಟು ಕೆರಳಿಸಿತು. "ಹಾಗಾದರೆ ಕೇಳಿಸಿಕೊಳ್ಳಿ. ನಾಳೆ ಬರದೆ ಇದ್ದರೆ ಸೋಮವಾರವೂ ಬರೋದು ಬೇಡ!" ಎಸ್ತೇರಮ್ಮ ಎದ್ದು, ಮೊಳೆಗೆ ತೂಗುಹಾಕಿದ್ದ ತಮ್ಮ ಕತ್ತರಿ ತಗೊಂಡು, ಸೆರಗಿನಲ್ಲಿ ಸುತ್ತಿಕೊಂಡು ಹೊರಟೇಹೋದರು. ಆ ಮೊಳೆಯಲ್ಲಿ ಕತ್ತರಿ ಇಲ್ಲದ್ದನ್ನು ನಾನು ಅಷ್ಟು ವರ್ಷದಲ್ಲಿ ನೋಡೇ ಇರಲಿಲ್ಲ. ನಿಂಗಾಜಮ್ಮ ಕಣ್ಣಲ್ಲಿ ನೀರು ತುಂಬಿಕೊಂಡು, "ನನ್ನಿಂದಾನೇ ಅಲ್ವಾ ಮಾಸ್ಟ್ರೇ. ನನಗೆ ಸೋಮವಾರ ಸಿಕ್ತು ಅಂತ ಅಕ್ಕನ ಭಾನುವಾರ ಹೋಯ್ತು" ಅಂದಳು. "ಸುಮ್ನಿರಮ್ಮ" ಅಂತ ಗದರಿದೆ. ಸೀಮೆಸುಣ್ಣ ಹಿಡಿದು ಬಟ್ಟೆ ಬಿಟ್ಟು ಮೇಜಿನ ಮೇಲೆ ಗೀಟು ಎಳೆದೆ. ಬೆಳಕು ಕಮ್ಮಿ ಇತ್ತು.

ಭಾನುವಾರ ನಾನೂ ನಿಂಗಾಜಮ್ಮನೂ ಅಂಗಡಿಯಲ್ಲಿ ಕೂತೆವು. ದೂರದ ಚರ್ಚಿನಿಂದ ಹಾಡು ಬರುತ್ತಿತ್ತು, ಮೊದಲ ಸಾಲು ಎಸ್ತೇರಮ್ಮನದು ಅಂತ ಕಿವಿಗೆ ಗೊತ್ತಾಗುತ್ತಿತ್ತು. ನಿಂಗಾಜಮ್ಮ ತನ್ನ ಪಾಲಿನ ಕೋಟುಗಳಿಗೆ ಕಚ್ಚಾ ಹಾಕಿ ಮುಗಿಸಿದವಳೇ ಎಸ್ತೇರಮ್ಮನ ಗುಡ್ಡೆಗೆ ಕೈ ಹಾಕಿದಳು. "ಅದು ನಿನ್ನದಲ್ಲ. ಅದಕ್ಕೆ ರಾಯರು ನಿನಗೆ ಕಾಸೂ ಕೊಡಲ್ಲ" ಅಂದೆ. "ಗೊತ್ತು. ಅಕ್ಕ ನನ್ನ ಸೋಮವಾರ ಹೊಲಿದು ಕೊಟ್ಟಿದ್ರು. ಅವರ ಪಾಲೂ ಮುಗಿದಿದ್ರೆ ರಾಯರ ಕೋಪ ಇಳಿಯುತ್ತೇನೋ." ಸಾಹುಕಾರರ ಮನೆಯವರು ಬಂದರು, ತೊಟ್ಟರು, ಅಲ್ಲಿ ಬಿಗಿ ಇಲ್ಲಿ ಬಿಗಿ ಅಂದರು, ಹೋದರು. ಕೊನೆಗೆ ಬರಬೇಕಾದವರು ಗಂಡಿನ ದೊಡ್ಡಪ್ಪ, ಅವರ ಕೋಟೊಂದು ಉಳಿದಿತ್ತು. ನಿಂಗಾಜಮ್ಮನ ಬೆರಳು ಸೂಜಿ ಚುಚ್ಚಿಸಿಕೊಂಡು ಕೆಂಪಗಾಗಿದ್ದವು. "ಕೊಡಿಲ್ಲಿ, ನಿನ್ನ ಕೈಲಿ ಇದು ಮುಗಿಯೋ ಹೊತ್ತಿಗೆ ನನ್ನ ನಿದ್ದೆ ಪೂರ್ತಿ ಮಣ್ಣು ಪಾಲು" ಅಂತ ಕಿತ್ತುಕೊಂಡು ನಾನೇ ಹಾಕಿದೆ. ಇದಕ್ಕೆ ರಾಯರ ಹತ್ತಿರ ಬೇರೆ ದುಡ್ಡು ಕೇಳುತ್ತೇನೆ ಅಂತ ಗಟ್ಟಿಯಾಗಿ ಹೇಳಿಯೂ ಹೇಳಿದೆ. ನಿಂಗಾಜಮ್ಮನೇ ಸಾಕ್ಷಿ.

ಸೋಮವಾರ ಬೆಳಗ್ಗೆ ರಾಯರು ಕೈ ಉಜ್ಜಿಕೊಂಡು ಬಾಗಿಲು ತೆಗೆದರು. ನಿಂಗಾಜಮ್ಮನ ಪಾಲಿನ ಕೋಟುಗಳ ಕಚ್ಚಾ ಎಲ್ಲ ಉದುರಿ, ದಾರ ಉಂಡೆಗೆ ಸೇರಿತ್ತು. ಎಸ್ತೇರಮ್ಮನ ಪಾಲಿನವು? ಅಯ್ಯಯ್ಯೋ! ಒಂದು ಹೊಲಿಗೆಯೂ ಅಲ್ಲಾಡಿರಲಿಲ್ಲ. ರಾಯರು ಉಗುರು ಹಾಕಿದರು, ಬ್ಲೇಡು ಹಾಕಿದರು, ಕೊನೆಗೆ ಹಲ್ಲು ಹಾಕಿದರು. ಕತ್ತರಿ ಹಾಕಿದರೆ ಕತ್ತರಿಯ ಬಾಯೇ ಮೊಂಡಾಯಿತು. "ಯಾರು ಹಾಕಿದ್ದು ಮಾಸ್ಟ್ರೇ ಇದನ್ನ?" "ನಿಂಗಾಜಮ್ಮ." "ಯಾವ ಲೆಕ್ಕದಲ್ಲಿ?" "ಎಸ್ತೇರಮ್ಮನ ಲೆಕ್ಕದಲ್ಲಿ." ರಾಯರು ಹಣೆಗೆ ಕೈ ಹಚ್ಚಿಕೊಂಡು ಸ್ಟೂಲಿನ ಮೇಲೆ ಕುಸಿದರು. ಬಿಳಿ ದಾರ ಬಿಗಿದುಕೊಂಡ ಕೋಟು ತೊಟ್ಟು ಸಾಹುಕಾರರ ಮನೆಯ ಗಂಡು ಹಸೆಮಣೆ ಏರಿದರೆ ನಮ್ಮ ಅಂಗಡಿಗೆ ಮತ್ತೆ ನೊಣವೂ ಬರುವುದಿಲ್ಲ.

ಇಬ್ಬರೂ ನಿಂಗಾಜಮ್ಮನ ಮನೆಗೆ ಓಡಿದೆವು. ಹಣೆ ತುಂಬ ವಿಭೂತಿ ಹಚ್ಚಿಕೊಂಡು ಮಕ್ಕಳಿಗೆ ತಲೆ ಬಾಚುತ್ತಿದ್ದಳು. "ಇವತ್ತು ವಾರ ಸಾಮಿ, ನಾನು ಕತ್ತರಿ ಮುಟ್ಟಲ್ಲ. ಮುಟ್ಟಿದ್ರೂ ಪ್ರಯೋಜನ ಇಲ್ಲ. ಯಾರಿಗೋಸ್ಕರ ಹಾಕಿದ್ದೋ ಅವರೇ ಬಿಚ್ಚಬೇಕು, ನಿಮಗೆ ಗೊತ್ತಿಲ್ವಾ?" ಗೊತ್ತಿತ್ತು. ಗೊತ್ತಿದ್ದದ್ದಕ್ಕೇ ರಾಯರ ಮುಖ ಬಾಡಿತ್ತು.

ಎಸ್ತೇರಮ್ಮ ಮನೆ ಮುಂದೆ ಕೂತು ಸೊಪ್ಪು ಬಿಡಿಸುತ್ತಿದ್ದರು. ರಾಯರು ಚಪ್ಪಲಿ ಬಿಟ್ಟು ನಿಂತು, ಆಗಿದ್ದೆಲ್ಲ ಹೇಳಿ, "ಬಾಯಿಗೆ ಬಂದಂಗೆ ಆಡಿಬಿಟ್ಟೆ ಎಸ್ತೇರಮ್ಮ. ತಪ್ಪಾಯ್ತು. ಬಂದು ಬಿಚ್ಚಿಕೊಡಿ" ಅಂದರು. ಎಸ್ತೇರಮ್ಮ ಒಂದು ಕಡ್ಡಿ ಸೊಪ್ಪನ್ನು ನಿಧಾನವಾಗಿ ಬಿಡಿಸಿದರು. "ನನ್ನ ಭಾನುವಾರ?" "ನಿಮ್ಮದೇ." "ನಿಂಗಾಜಿ ಸೋಮವಾರ?" "ಅದೂ ಅವಳದೇ." "ದೇವರೂ ಇಲ್ಲ, ವಾರಾನೂ ಇಲ್ಲ, ಸುಮ್ನೆ ಮಲಗಬೇಕು ಅನ್ನೋರದು?" ಅಂತ ಕೇಳುವಾಗ ನನ್ನ ಕಡೆ ನೋಡಲೂ ಇಲ್ಲ. ರಾಯರು, "ಅದೂ ಆಯ್ತು. ಕಾನೂನು ಏನಾದರೂ ಅನ್ನಲಿ, ನನ್ನ ಅಂಗಡಿಯಲ್ಲಿ ಯಾರ ವಾರ ಅವರದು" ಅಂದರು. "ಇವತ್ತು ಯಾವ ವಾರ ರಾಯರೇ?" "ಸೋಮವಾರ." "ಹಾಗಾದ್ರೆ ಮಾತು ಬಿಚ್ಚಿಕೊಳ್ಳಲ್ಲ. ನಡೀರಿ." ಒಳಗೆ ಹೋಗಿ ಕತ್ತರಿ ಸೆರಗಿನಲ್ಲಿ ಸುತ್ತಿಕೊಂಡು ಬಂದರು.

ಕತ್ತರಿ ಬೇಕಾಗಲೇ ಇಲ್ಲ. ಎಸ್ತೇರಮ್ಮ ತುದಿ ಹಿಡಿದು ಎಳೆದರೆ ಸಾಕು, ಬೆಣ್ಣೆಯಿಂದ ಕೂದಲು ತೆಗೆದ ಹಾಗೆ ಇಡೀ ದಾರ ಈಚೆಗೆ ಬರುತ್ತಿತ್ತು. "ನಿಂಗಾಜಿ ಹುಚ್ಚು ಹುಡುಗಿ" ಅನ್ನುತ್ತಾ ಒಂದೊಂದೇ ಬಿಚ್ಚಿದರು. ಅನ್ನುವಾಗ ಮೂಗು ಒರೆಸಿಕೊಂಡರು. ರಾಯರು ಪ್ರತಿ ಕೋಟಿಗೂ ಒಂದೊಂದು ನಿಟ್ಟುಸಿರು ಬಿಟ್ಟರು. ಕಡೆಗೆ ಉಳಿದದ್ದು ದೊಡ್ಡಪ್ಪನ ಕೋಟು. ಅದನ್ನು ನಾನು ಮುಂಚೆಯೇ ನೋಡಿ, ಬೇರೆ ಬಟ್ಟೆಯ ಅಡಿಗೆ ಸೇರಿಸಿಟ್ಟಿದ್ದೆ. ಹಾಳಾದ ರಾಯರು ಅದನ್ನೂ ಎಳೆದು ತಂದು ಮೇಜಿನ ಮೇಲೆ ಹಾಕಿದರು.

ಅದರ ಕಚ್ಚಾನೂ ಉದುರಿರಲಿಲ್ಲ. ರಾಯರು ಎಳೆದರು, ಬರಲಿಲ್ಲ. ಎಸ್ತೇರಮ್ಮ ಕೋಟನ್ನು ಬೆಳಕಿಗೆ ಹಿಡಿದು ನೋಡಿದರು. ಉದ್ದುದ್ದ, ಡೊಂಕು ಡೊಂಕು ಹೊಲಿಗೆ. ಸೂಜಿ ಹಿಡಿದು ಅಭ್ಯಾಸವಿಲ್ಲದ, ಬರೀ ಕತ್ತರಿ ಹಿಡಿಯುವ ಕೈಯದು. "ಇದು ನಿಂಗಾಜಿ ಕೈ ಅಲ್ಲ" ಅಂದರು. ಅಂಗಡಿಯಲ್ಲಿ ಇದ್ದವರು ಮೂವರೇ. ರಾಯರು ನನ್ನ ಕಡೆ ತಿರುಗಿದರು, ಎಸ್ತೇರಮ್ಮನೂ ತಿರುಗಿದರು.

"ನಾನು ಸಂಬಳಕ್ಕೇ ಹಾಕಿದ್ದು" ಅಂದೆ. ಎಸ್ತೇರಮ್ಮ ದಾರದ ತುದಿ ಹಿಡಿದು ಮೆಲ್ಲಗೆ ಎಳೆದರು. ಬಂದೇಬಿಟ್ಟಿತು. ಅದನ್ನು ಎಲ್ಲ ದಾರದ ಜೊತೆ ಉಂಡೆಗೆ ಸುತ್ತದೆ, ಬೆರಳಿಗೆ ಸುತ್ತಿ ಸೊಂಟದ ಚೀಲದೊಳಗೆ ಇಟ್ಟುಕೊಂಡು, ಕತ್ತರಿಯನ್ನು ಮೊಳೆಗೆ ತೂಗುಹಾಕಿ, ಮಿಷನ್ನಿನ ಮುಂದೆ ಕೂತು ಹಾಡು ಶುರು ಮಾಡಿದರು. ಯಾರ ಮೇಲೆ ಬೇಕಾದರೂ ಆಣೆ ಇಡುತ್ತೇನೆ ಸ್ವಾಮಿ, ನಾನು ಸಂಬಳಕ್ಕೇ ಹಾಕಿದ್ದು.